ಡಾಕ್ಟರ್ ಗೂಬೆಯ ರೆಪ್ಪೆ

ಮಾರ್ಚ್ 4, ಸೋಮವಾರ

ಇವತ್ತಿನ ಸಿಟ್ಟನ್ನು ಯಾರ ಮೇಲಾದರೂ ತೀರಿಸಲೇಬೇಕು. ಅತ್ತೆಯ ಮೇಲೆ ತೀರಿಸಿದರೆ ಅವರು ಬಡ್ಡಿ ಸೇರಿಸಿ ಹಿಂದಿರುಗಿಸುತ್ತಾರೆ. ಇವರ ಮೇಲೆ ತೀರಿಸಿದರೆ ಇವರಿಗೆ ಗೊತ್ತೇ ಆಗುವುದಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಹೊಟ್ಟೆಯೊಳಗೆ ಇಣುಕುತ್ತಿರುತ್ತಾರೆ. ಹಾಗಾಗಿ ಈ ನೋಟ್‌ಬುಕ್ಕು.

ಬೆಳಿಗ್ಗೆ ಸ್ಟುಡಿಯೋದ ಯಜಮಾನರು ನಮ್ಮ ಕಾಗದದ ವಿಭಾಗದ ಏಳೂ ಜನರನ್ನು ಕರೆಸಿ ಕೂರಲು ಹೇಳಿದರು. ಒಳ್ಳೆಯ ಸುದ್ದಿಯಾದರೆ ಅವರು ನಿಂತೇ ಹೇಳುತ್ತಾರೆ. ಕೈಯಲ್ಲಿ ಬರೆದ ಕಾರ್ಟೂನಿಗೆ ಇನ್ನು ಕೆಲಸ ಬರುವುದಿಲ್ಲವಂತೆ. ಮೇಲಿನ ಮಹಡಿಯಲ್ಲಿ ಮೂರು ಜನ ಸೇರಿ, ಫ್ಲ್ಯಾಶ್ ಎಂಬ ಪ್ರೋಗ್ರಾಮಿನಲ್ಲಿ, ಇಂಟರ್‌ನೆಟ್ಟಿಗೆಂದು 'ಡಾಕ್ಟರ್ ಗೂಬೆ' ಮಾಡುತ್ತಿದ್ದರಲ್ಲ, ಅದನ್ನು ಜನ ನೋಡಿ, ಒಬ್ಬರಿಗೊಬ್ಬರು ಕಳಿಸಿ, ಕೊನೆಗೆ ಒಂದು ಟೀವಿ ಚಾನೆಲ್ಲಿನವರ ಕಣ್ಣಿಗೂ ಬಿದ್ದಿದೆ. ಅವರಿಗೆ ಇಪ್ಪತ್ತಾರು ಕಂತು ಬೇಕು. ಎಲ್ಲವೂ ಕಂಪ್ಯೂಟರಿನಲ್ಲೇ ಆಗಬೇಕು. ಕಾಗದದ ವಿಭಾಗಕ್ಕೆ ಏಪ್ರಿಲ್ ಮೂವತ್ತು ಕೊನೆಯ ದಿನ. ಏಪ್ರಿಲ್ ಇಪ್ಪತ್ತಾರರೊಳಗೆ ಯಾರು ಫ್ಲ್ಯಾಶ್‌ನಲ್ಲಿ ಒಂದು ದೃಶ್ಯ ಮಾಡಿ ತೋರಿಸುತ್ತಾರೋ ಅವರಿಗೆ ಮೇಲೆ ಕುರ್ಚಿ. ಉಳಿದವರಿಗೆ ಯಜಮಾನರು ಕೈ ಮುಗಿದರು.

ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಿರುವ ಕೆಲಸವನ್ನು ಅತ್ತೆಗೆ ಇನ್ನೂ ಅರ್ಥ ಮಾಡಿಸಲಾಗಿಲ್ಲ. ನಿಲುವುಗಳನ್ನು ಮೇಷ್ಟ್ರು ಬರೆಯುತ್ತಾರೆ: ರೆಕ್ಕೆ ಕೆಳಗೆ ಒಂದು, ರೆಕ್ಕೆ ಮೇಲೆ ಒಂದು. ಅವೆರಡರ ನಡುವೆ ರೆಕ್ಕೆ ಏಳುವ ಹನ್ನೊಂದು ಚಿತ್ರ ನನ್ನವು. ಅಡಿಯಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಹಾಳೆಯ ಮೇಲೆ ಹಾಳೆ ಇಟ್ಟು ಒಂದೊಂದಾಗಿ ಬರೆಯಬೇಕು. ಮೇಷ್ಟ್ರು ನಮ್ಮ ವಿಭಾಗದ ಹಿರಿಯರು. ನನಗೆ ಪೆನ್ಸಿಲ್ ಹಿಡಿಯಲು ಕಲಿಸಿದವರೂ ಅವರೇ.

ಊಟದ ಹೊತ್ತಿಗೆ ಮೇಷ್ಟ್ರು ಒಂದು ಪತ್ರ ಬರೆದರು. ಕೈಯಲ್ಲಿ ಚಿತ್ರ ಬರೆಯುವ ನಾವು ಏಳು ಜನ ಯಂತ್ರದ ಮುಂದೆ ಕೂರುವುದಿಲ್ಲ, ಕೂರಲೇಬೇಕೆಂದರೆ ಒಟ್ಟಿಗೆ ಕೆಲಸ ಬಿಡುತ್ತೇವೆ ಎಂದು. ಏಳು ಜನ ಒಟ್ಟಿಗೆ ಎದ್ದರೆ ಯಜಮಾನರು ಬಗ್ಗುತ್ತಾರೆ ಎಂಬ ನಂಬಿಕೆ ಅವರದು. ಮೊದಲ ಸಹಿ ಅವರದು, ಎರಡನೆಯದು ನನ್ನದು, ಆಮೇಲೆ ಉಳಿದ ಐವರದು. ಏಪ್ರಿಲ್ ಮೂವತ್ತಕ್ಕೆ ಕೊಡುವುದೆಂದು ಮಡಚಿ ಮೇಜಿನ ಖಾನೆಯಲ್ಲಿಟ್ಟರು.

ಆದರೆ ಶತ್ರುವಿನ ಬಲ ತಿಳಿಯಬೇಕಲ್ಲ. ನಾನು ಮೇಲೆ ಹೋಗಿ ಕಲಿಯುವವಳ ಹಾಗೆ ನಟಿಸಿ, ಅದರ ಹುಳುಕನ್ನೆಲ್ಲ ತಿಳಿದುಕೊಂಡು ಬರಬೇಕಂತೆ. ಹುಳುಕು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಈ ಒಂದು ವಿಷಯವನ್ನು ಅತ್ತೆಯೂ ಒಪ್ಪುತ್ತಾರೆ.

ಮಾರ್ಚ್ 6, ಬುಧವಾರ

ಮೇಲೆ ಕಲಿಸುವವಳಿಗೆ ಇಪ್ಪತ್ತಮೂರು ವರ್ಷ. ಕುತ್ತಿಗೆಯಲ್ಲಿ ಸದಾ ಹೆಡ್‌ಫೋನು. ನನ್ನನ್ನು ಕಂಡೊಡನೆ 'ಬನ್ನಿ ಆಂಟಿ' ಎಂದಳು. ಅವಳ ಬಗ್ಗೆ ನನ್ನ ಅಭಿಪ್ರಾಯ ಅಲ್ಲಿಗೆ ತೀರ್ಮಾನವಾಯಿತು. ಈ ಪುಸ್ತಕದಲ್ಲಿ ಅವಳು ಟೀಚರಮ್ಮ.

ಒಂದು ಕಪ್ಪು ಹಲಗೆಯನ್ನೂ ಮಸಿಯಿಲ್ಲದ ಪೆನ್ನನ್ನೂ ಕೊಟ್ಟಳು. ಹಲಗೆಯ ಮೇಲೆ ಬರೆದರೆ ಗೆರೆ ಎದುರಿನ ತೆರೆಯಲ್ಲಿ ಮೂಡುತ್ತದೆ. ಉಣ್ಣುವುದು ನಮ್ಮ ಮನೆಯಲ್ಲಿ, ಹೊಟ್ಟೆ ತುಂಬುವುದು ಪಕ್ಕದ ಮನೆಯಲ್ಲಿ. ಕೈ ನೋಡಿದರೆ ಗೆರೆ ಎಲ್ಲೋ ಹೋಗುತ್ತದೆ, ತೆರೆ ನೋಡಿದರೆ ಕೈ ಎಲ್ಲೋ ಹೋಗುತ್ತದೆ. ವೃತ್ತ ಬರೆಯಲು ಹೋಗಿ ಆಲೂಗಡ್ಡೆ ಬರೆದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತಾರೆ. ನಾನು ಕುಣಿಯಬಲ್ಲವಳು, ಇಲ್ಲಿ ನಿಜವಾಗಿ ನೆಲವೇ ಡೊಂಕು.

ಆಮೇಲೆ ಗೂಬೆಯನ್ನು ತೋರಿಸಿದಳು. ತಲೆ, ಕೊಕ್ಕು, ರೆಕ್ಕೆ, ಕಣ್ಣು, ರೆಪ್ಪೆ, ಕಾಲು ಎಲ್ಲ ಬಿಡಿಬಿಡಿಯಾಗಿ ಒಂದು ಪಟ್ಟಿಯಲ್ಲಿವೆ. ಒಂದೊಂದು ಅಂಗಕ್ಕೂ ಸಿಂಬಲ್ ಎನ್ನುತ್ತಾರೆ, ಪಟ್ಟಿಗೆ ಲೈಬ್ರರಿ ಎನ್ನುತ್ತಾರೆ. ನಮ್ಮ ಬೀದಿಯ ಕೊನೆಯಲ್ಲಿರುವ ಮಾಂಸದಂಗಡಿಗೂ ಇನ್ನು ಮುಂದೆ ಲೈಬ್ರರಿ ಎನ್ನಬಹುದು. ಬೇಕಾದ ಅಂಗವನ್ನು ಎಳೆದು ತಂದು ಜೋಡಿಸಿದರೆ ಗೂಬೆ ಸಿದ್ಧ.

ಕೊನೆಗೆ ರೆಕ್ಕೆ. ಮೊದಲ ಫ್ರೇಮಿನಲ್ಲಿ ಕೆಳಗಿಟ್ಟಳು, ಹದಿಮೂರನೆಯದರಲ್ಲಿ ಮೇಲಿಟ್ಟಳು, ಒಂದು ಗುಂಡಿ ಒತ್ತಿದಳು. ನಡುವಿನ ಹನ್ನೊಂದು ತಾವಾಗಿಯೇ ಬಂದವು. "ಇದಕ್ಕೆ ಟ್ವೀನ್ ಅಂತಾರೆ ಆಂಟಿ. ನಡುವಿಂದೆಲ್ಲ ಅದೇ ಮಾಡ್ಕೊಳ್ಳುತ್ತೆ," ಎಂದಳು.

ನನಗೆ ಅರ್ಧ ದಿನ ಹಿಡಿಯುವ ಕೆಲಸ ಅದು. ನೀರು ಕುಡಿದು ಬರುತ್ತೇನೆಂದು ಎದ್ದು ಬಂದೆ. ಭಯವಾಯಿತು, ಬರೆದಿಡುವುದಕ್ಕೇನು ನಾಚಿಕೆ. ಇಷ್ಟು ವರ್ಷ ನಾನು ಮಾಡಿದ್ದು ಆ ಗುಂಡಿಯ ಕೆಲಸವೇ.

ಮಾರ್ಚ್ 7, ಗುರುವಾರ

ಮೇಷ್ಟ್ರಿಗೆ ವರದಿ ಒಪ್ಪಿಸಿದೆ. ಆಲೂಗಡ್ಡೆ, ಮಾಂಸದಂಗಡಿ, ಎಲ್ಲ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗುಂಡಿಯ ವಿಷಯ ಹೇಳಲಿಲ್ಲ. ಪೂರ್ತಿ ತಿಳಿದ ಮೇಲೆ ಹೇಳಿದರಾಯಿತು.

ಮಾರ್ಚ್ 13, ಬುಧವಾರ

ಸಿಕ್ಕಿತು. ಆ ಗುಂಡಿಗೆ ಬುದ್ಧಿಯಿಲ್ಲ.

ಒಂದು ವಾರ ಅದನ್ನೇ ನೋಡಿದೆ. ಅದು ಕೊಡುವ ಹನ್ನೊಂದು ಚಿತ್ರಗಳ ನಡುವೆ ಅಂತರ ಒಂದೇ ಸಮ. ರೆಕ್ಕೆ ಏಳುವುದು ಬಸ್ಸಿನ ಗಾಜು ಒರೆಸುವ ಕಡ್ಡಿಯ ಹಾಗೆ. ಜೀವ ಇರುವ ರೆಕ್ಕೆ ಮೊದಲು ಏಳಲು ಸೋಮಾರಿತನ ಮಾಡುತ್ತದೆ, ಆಮೇಲೆ ಓಡುತ್ತದೆ, ಮೇಲೆ ತಲುಪುವ ಮೊದಲು ಮತ್ತೆ ತಡೆಯುತ್ತದೆ. ನಡು ಎಂದರೆ ಅರ್ಧ ಅಲ್ಲ. ಇಷ್ಟು ತಿಳಿಯಲು ಮೇಷ್ಟ್ರ ಹತ್ತಿರ ನಾಲ್ಕು ವರ್ಷ ಬೈಸಿಕೊಂಡಿದ್ದೇನೆ.

ಟೀಚರಮ್ಮನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಜಗಳಕ್ಕೆ ಬರುತ್ತಾಳೆಂದುಕೊಂಡಿದ್ದೆ, ತೋರಿಸಿ ಎಂದಳು. ಹನ್ನೊಂದು ಹಾಳೆ ಬರೆದು, ಬೆರಳ ನಡುವೆ ಹಿಡಿದು ಸರ್ರನೆ ತಿರುವಿದೆ. ಬಾಯಿ ತೆರೆದು ನೋಡಿದಳು. ಐದು ಸಲ ತಿರುವಿಸಿದಳು. ಆಮೇಲೆ ತೆರೆಯ ಮೂಲೆಯಲ್ಲೊಂದು ಚಿಕ್ಕ ಚೌಕ ತೋರಿಸಿದಳು. ಅಲ್ಲಿ ಒಂದು ಅಂಕಿ ಹಾಕಿದರೆ ಆರಂಭ ನಿಧಾನವಾಗುತ್ತದೆ, ಇನ್ನೊಂದು ಹಾಕಿದರೆ ಕೊನೆ ನಿಧಾನವಾಗುತ್ತದೆ. ಆ ಚೌಕ ಇರುವುದು ಅವಳಿಗೆ ಗೊತ್ತಿತ್ತು, ಯಾಕಿದೆ ಎಂಬುದು ಗೊತ್ತಿರಲಿಲ್ಲ.

ಅಂಕಿ ಹಾಕಿ ನೋಡಿದೆವು. ಇನ್ನೂ ಸರಿಯಿಲ್ಲ. ದಾರಿಯಲ್ಲಿ ಇನ್ನೊಂದು ನಿಲುವು ಕೊಡಬೇಕು, ಆರನೆಯದರಲ್ಲೋ ಏಳನೆಯದರಲ್ಲೋ. ನಾಳೆ ಬೇಗ ಹೋಗಿ ನೋಡುತ್ತೇನೆ.

ಗುಂಡಿಗೆ ಬುದ್ಧಿಯಿಲ್ಲವೆಂದು ಮೇಷ್ಟ್ರಿಗೆ ಹೇಳಿದೆ, ಸಂತೋಷಪಟ್ಟರು. ಚೌಕದ ವಿಷಯ ಮರೆತೇಹೋಯಿತು.

ಮಾರ್ಚ್ 20, ಬುಧವಾರ

ದಿನಕ್ಕೆ ಮುನ್ನೂರು ವೃತ್ತ. ಆಲೂಗಡ್ಡೆ ಹೋಗಿ ಮೊಟ್ಟೆ ಬರುತ್ತಿದೆ. ಬಲ ಹೆಗಲು ಕಲ್ಲಾಗಿದೆ. ಅತ್ತೆ ಎಣ್ಣೆ ತಿಕ್ಕುತ್ತಾ, ಕಾಗೆ ಗುಬ್ಬಿ ಬರೆಯಲು ಇಷ್ಟು ಮೈ ಮುರಿದುಕೊಳ್ಳಬೇಕೇ ಎಂದು ಕೇಳಿದರು. ಗೂಬೆ ಎಂದೆ. ಎಲ್ಲ ಒಂದೇ ಎಂದರು.

ಊಟಕ್ಕೆ ಕೂತಾಗ ಇವರು, ನಾನು ಕೇಳದೆಯೇ, ಮಾತಾಡಿದರು. ಇವರು ಬಾಯಿ ಬಿಡುವುದೇ ಅಪರೂಪ, ಹಾಗಾಗಿ ಇದ್ದ ಹಾಗೇ ಬರೆಯುತ್ತೇನೆ. "ಸೆಲ್ ಹಾಕೋ ವಾಚ್ ಬಂದಾಗ ನಾನೂ ಅದನ್ನ ಮುಟ್ಟೋದಿಲ್ಲ ಅಂತ ಆರು ತಿಂಗಳು ಕೂತಿದ್ದೆ. ಯಾಕೆ ಮುಟ್ಟಲ್ಲ ಅಂತ ಒಬ್ರೂ ಬಂದು ಕೇಳ್ಲಿಲ್ಲ. ಪಕ್ಕದಂಗಡಿಗೆ ಹೋದ್ರು, ಅಷ್ಟೇ."

ನಾನು ಸಹಿ ಹಾಕಿದ್ದೇನೆ, ನನ್ನ ಮಾತಿಗೆ ಬೆಲೆಯಿದೆ ಎಂದೆ. ಇವರು ನೀರು ಕುಡಿದು ಎದ್ದು ಕೈ ತೊಳೆದರು. ಇನ್ನೂ ನಾಲ್ಕು ಮಾತು ಆಡಿದೆ. ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ, ಎದ್ದು ಪಾತ್ರೆ ತೊಳೆದೆ.

ಮಾರ್ಚ್ 28, ಗುರುವಾರ

ನನಗೆ ದೃಶ್ಯ ಕೊಟ್ಟಿದ್ದಾರೆ. ನಾಲ್ಕನೇ ಕಂತಿನ ಕೊನೆಯ ನಲವತ್ತು ಸೆಕೆಂಡು.

ಡಾಕ್ಟರ್ ಗೂಬೆಯ ಕಷ್ಟವೇನೆಂದರೆ ರೋಗಿಗಳು ಬರುವುದು ಹಗಲಲ್ಲಿ. ಪಾಪ, ನಿದ್ದೆ ತಡೆದುಕೊಂಡೇ ಔಷಧಿ ಕೊಡುತ್ತದೆ. ಅದರ ಮೊದಲ ರೋಗಿ ಒಂದು ಮುದಿ ಆಮೆ. ಆ ಆಮೆ ಈಗ ದೂರದ ಕೆರೆಗೆ ಹೋಗುತ್ತಿದೆ. ಅದರ ನಡಿಗೆಗೆ ಅಲ್ಲಿಂದ ಮತ್ತೆ ಬರಲಾಗುವುದಿಲ್ಲ. ಹೋಗಿಬರುತ್ತೇನೆ ಡಾಕ್ಟ್ರೇ ಎನ್ನುತ್ತದೆ. ಗೂಬೆ ಮೂರು ಸಲ ರೆಪ್ಪೆ ಬಡಿಯುತ್ತದೆ. ಮಾತಿಲ್ಲ, ಕಣ್ಣೀರಿಲ್ಲ. ಅಷ್ಟೇ ದೃಶ್ಯ.

ಇದನ್ನು ಬರೆದವರು ಯಾರೋ, ಕೈ ಮುಗಿದು ನಮಸ್ಕಾರ ಮಾಡಬೇಕು. ಎಲ್ಲವೂ ರೆಪ್ಪೆಯ ಮೇಲೆ ನಿಂತಿದೆ. ಈಗಿರುವ ರೆಪ್ಪೆ ಅಂಗಡಿಯ ಷಟರಿನ ಹಾಗೆ ಬೀಳುತ್ತದೆ. ನಿದ್ದೆಗೆ ಅದು ಸಾಕು, ಇದಕ್ಕೆ ಸಾಲದು.

ಮೆಟ್ಟಿಲಲ್ಲಿ ಮೇಷ್ಟ್ರು ಸಿಕ್ಕಿ ಹುಳುಕಿನ ಪಟ್ಟಿ ಎಲ್ಲಿಗೆ ಬಂತು ಎಂದರು. ಇನ್ನೂ ಸಮಯ ಬೇಕು ಎಂದೆ. ಸುಳ್ಳೇನಲ್ಲ, ಸಮಯ ನಿಜವಾಗಿ ಬೇಕು.

ಏಪ್ರಿಲ್ 5, ಶುಕ್ರವಾರ

ರೆಪ್ಪೆಯ ಸಿಂಬಲ್ಲಿನ ಒಳಗೆ ಐದು ಚಿತ್ರಗಳಿವೆ, ತೆರೆದದ್ದರಿಂದ ಮುಚ್ಚಿದ್ದರವರೆಗೆ. ಐದನ್ನೂ ಬದಲಿಸಬೇಕು. ಕಾಗದದ ಮೇಲೆ ಅರವತ್ತು ಬರೆದೆ. ಒಂದು ಅಳುಮುಂಜಿಯಾಯಿತು, ಒಂದು ಕುಡುಕನಾಯಿತು. ಒಂದಂತೂ ಥೇಟ್ ನಮ್ಮ ಯಜಮಾನರು. ಟೀಚರಮ್ಮ ಅದನ್ನು ಗೋಡೆಗೆ ಅಂಟಿಸಿ, ಅವರ ಹೆಜ್ಜೆ ಸದ್ದಾದಾಗ ಕಿತ್ತು ಬಾಯಿಗೆ ಹಾಕಿಕೊಂಡಳು. ಕಾಗದ ನುಂಗುವ ಟೀಚರನ್ನು ಇದೇ ಮೊದಲು ನೋಡಿದ್ದು.

ಏಪ್ರಿಲ್ 11, ಗುರುವಾರ

ಬಂತು.

ಇವತ್ತು ನಿಜವಾದ ಕಂತಿನ ಫೈಲು ತೆರೆಯಲು ಬಿಟ್ಟರು. ರೆಪ್ಪೆಯ ಮೇಲೆ ಎರಡು ಸಲ ಒತ್ತಿ ಒಳಗೆ ಹೋದೆ, ಐದು ಚಿತ್ರಗಳನ್ನೂ ಹಲಗೆಯ ಮೇಲೆ ನೇರವಾಗಿ ಬರೆದೆ. ಕಾಗದದ ಹಾಳೆ ಪಕ್ಕದಲ್ಲಿತ್ತು, ನೋಡಲೇ ಇಲ್ಲ. ಹೊರಗಿನ ಅಂಚು ಚೂರೇ ಚೂರು ಜಗ್ಗಿದೆ. ಓಡಿಸಿ ನೋಡಿದೆ. ನನ್ನ ಗೂಬೆ ಆಮೆಯನ್ನು ನೋಡಿತು, ರೆಪ್ಪೆ ಬಡಿಯಿತು, ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನಾನೇ ಬರೆದದ್ದಕ್ಕೆ ನಾನೇ ಅಳುವುದೇ, ನಾಚಿಕೆಗೆಟ್ಟವಳು.

ಉಳಿಸಿ ಮನೆಗೆ ಬಂದೆ. ನಾಳೆ ಬೆಳಿಗ್ಗೆ ಚಾನೆಲ್ಲಿನವರು ನಾಲ್ಕನೇ ಕಂತು ನೋಡಲು ಬರುತ್ತಾರೆ. ನಾನು ತೋರಿಸಬೇಕಾದ್ದು ಇಪ್ಪತ್ತಾರಕ್ಕೆ, ಆದರೆ ಯಾ‌ರಾದರೂ ಒಬ್ಬರು ನಾಳೆಯೇ ನೋಡಲಿ ಎಂದು ಆಸೆ. ಬರುವಾಗ ಮೇಷ್ಟ್ರ ಕೋಣೆಯ ಮುಂದೆ ಹಾದು ಬಂದೆ, ಒಳಗೆ ಹೋಗಲು ಹೊತ್ತಾಗಿತ್ತು.

ಏಪ್ರಿಲ್ 12, ಶುಕ್ರವಾರ

ಕೈ ಮುರಿದುಹೋಗಬಾರದಿತ್ತೇ.

ಹನ್ನೊಂದಕ್ಕೆ ಚಾನೆಲ್ಲಿನವರು ಮೂವರು ಬಂದು ಕೂತರು. ಕಂತು ಶುರುವಾಯಿತು. ಮೊದಲ ದೃಶ್ಯದಲ್ಲಿ ಗೂಬೆ ಹಲ್ಲುನೋವಿನ ಮೊಸಳೆಗೆ ಜೋಕು ಹೇಳಬೇಕು. ಜೋಕು ಹೇಳಿತು, ರೆಪ್ಪೆ ಜಗ್ಗಿಕೊಂಡು. ಕಾಗೆಯನ್ನು ಬೈಯಿತು, ರೆಪ್ಪೆ ಜಗ್ಗಿಕೊಂಡು. ಹುಟ್ಟುಹಬ್ಬದ ಕೇಕು ಕತ್ತರಿಸಿ ಕುಣಿಯಿತು, ಆಗಲೂ ಮನೆಯಲ್ಲಿ ಸಾವಾದವರ ಹಾಗೆ ಕಣ್ಣು. ಚಾನೆಲ್ಲಿನ ಹಿರಿಯರು ತುಂಬಾ ಮರ್ಯಾದೆಯಿಂದ, ಡಾಕ್ಟರಿಗೆ ಮೈ ಹುಷಾರಿಲ್ಲವೇ ಎಂದು ಕೇಳಿದರು.

ಕಾಗದದಲ್ಲಿ ಒಂದು ಹಾಳೆ ತಿದ್ದಿದರೆ ಆ ಹಾಳೆ ಮಾತ್ರ ಬದಲಾಗುತ್ತದೆ. ಇಲ್ಲಿ ಗೂಬೆಗೆ ಇರುವುದು ಒಂದೇ ರೆಪ್ಪೆ, ಲೈಬ್ರರಿಯಲ್ಲಿ. ಕಂತಿನ ಉದ್ದಕ್ಕೂ ಕಾಣುವುದು ಅದೇ. ನಾನು ನನ್ನ ದೃಶ್ಯವನ್ನು ತಿದ್ದುತ್ತಿದ್ದೇನೆ ಎಂದುಕೊಂಡು ಮೂಲವನ್ನೇ ತಿದ್ದಿದ್ದೆ. ಮೊದಲು ರೆಪ್ಪೆಯ ನಕಲು ಮಾಡಿಕೊಂಡು ಆ ನಕಲನ್ನು ತಿದ್ದಬೇಕಿತ್ತು. ಇದನ್ನು ಟೀಚರಮ್ಮ ನನಗೆ ಹೇಳಿರಲಿಲ್ಲ. ಇಂಥದ್ದನ್ನು ಹೇಳಬೇಕಾಗುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಎನ್ನುವುದು ನನ್ನಂಥವಳನ್ನು ನೋಡಿಯೇ.

ಅತಿಥಿಗಳಿಗೆ ಟೀ ಕೊಡುವಷ್ಟರಲ್ಲಿ ಟೀಚರಮ್ಮ ಸೋಮವಾರದ ಹಳೆಯ ಫೈಲಿನಿಂದ ಹಳೆಯ ರೆಪ್ಪೆ ತಂದು, ನನ್ನದರ ಮೇಲೆ ಹಾಕಿ, ಉಳಿಸಿಬಿಟ್ಟಳು. ಆರು ನಿಮಿಷದಲ್ಲಿ ಕಂತು ಸರಿಹೋಯಿತು. ನನ್ನ ಐದು ಚಿತ್ರ ಹೋದವು. ಎಲ್ಲೂ ಇಲ್ಲ. ಕಸದ ಬುಟ್ಟಿಯಲ್ಲೂ ಇಲ್ಲ, ಕಾಗದವಾಗಿದ್ದರೆ ಅಲ್ಲಾದರೂ ಸಿಗುತ್ತಿತ್ತು.

ನನ್ನ ತಲೆಯ ಮೇಲೆ ಗೂಬೆ ಕೂರಿಸಲು ಯಜಮಾನರಿಗೆ ಇವತ್ತು ಕಷ್ಟವೇ ಆಗಲಿಲ್ಲ, ಗೂಬೆ ಅಲ್ಲೇ ಇತ್ತು. ನೀವು ಕೆಳಗೇ ಇರಿ, ಇನ್ನು ಮೇಲೆ ಬರಬೇಡಿ ಎಂದರು.

ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬಿಕ್ಕಿ ಬಿಕ್ಕಿ, ಚಿಕ್ಕ ಮಕ್ಕಳ ಹಾಗೆ. ಮೇಷ್ಟ್ರು ಬಂದು ಎರಡು ಮೆಟ್ಟಿಲು ಕೆಳಗೆ ಕೂತರು. ಯಜಮಾನರು ಬೈದರಾ ಎಂದು ಕೇಳಿದರು. "ರೆಪ್ಪೆ ಹೋಯ್ತು ಮೇಷ್ಟ್ರೇ," ಎಂದೆ. ಅವರ ಕರ್ಚೀಫು ಕೊಟ್ಟರು. ಅದರ ತುಂಬ ಪೆನ್ಸಿಲಿನ ಪುಡಿ, ಮುಖವೆಲ್ಲ ಕಪ್ಪಾಯಿತು. ಹುಳುಕಿನ ಪಟ್ಟಿಯ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಏಪ್ರಿಲ್ 13, ಶನಿವಾರ

ಹೋಗಲಿಲ್ಲ. ಬಟ್ಟೆ ಒಗೆದೆ. ಒಗೆದದ್ದನ್ನೇ ಮತ್ತೆ ಒಗೆದೆ.

ಏಪ್ರಿಲ್ 15, ಸೋಮವಾರ

ಯಜಮಾನರು ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದೆ. ಇಪ್ಪತ್ತಾರರೊಳಗೆ ಯಾರು ಬೇಕಾದರೂ ತೋರಿಸಬಹುದು ಎಂದು ಹೇಳಿದ್ದು ಅವರೇ ಎಂದು ನೆನಪಿಸಿದೆ. ನಾನು ಕೆಡಿಸಿದ್ದು ನಿಜ, ಆದರೆ ಇವತ್ತು ಹದಿನೈದು. ಕಂತಿನ ಫೈಲು ಮುಟ್ಟುವುದಿಲ್ಲ, ಬೇರೆ ಫೈಲು ಕೊಡಿ, ಮೂಲೆಯ ಕಂಪ್ಯೂಟರ್ ಕೊಡಿ ಎಂದೆ. ಅವರು ಕನ್ನಡಕ ಒರೆಸಿದರು. ಇನ್ನೊಂದು ಸಲ ಇಂಥದ್ದಾದರೆ ಏನು ಮಾಡಲಿ ಎಂದು ಕೇಳಿದರು.

"ಇಂಥದ್ದು ಇನ್ನೊಂದ್ಸಲ ಆಗಲ್ಲ ಸರ್. ಬೇರೆ ಥರದ್ದು ಏನಾದ್ರೂ ಆಗ್ಬಹುದು," ಎಂದೆ.

ಯಾಕೋ ನಕ್ಕರು. ಹೋಗಿ ಎಂದು ಕೈ ಬೀಸಿದರು, ಅದು ಮೇಲಕ್ಕೋ ಕೆಳಕ್ಕೋ ಹೇಳಲಿಲ್ಲ. ಮೇಲಕ್ಕೇ ಹೋದೆ.

ಟೀಚರಮ್ಮ ಎದ್ದು ನಿಂತಳು. ಅವಳ ಕಣ್ಣೂ ಊದಿತ್ತು. ಆತುರದಲ್ಲಿ ನನ್ನ ರೆಪ್ಪೆ ಅಳಿಸಿದ್ದಕ್ಕೆ ಎರಡು ದಿನ ಊಟ ಸೇರಲಿಲ್ಲವಂತೆ. ತಪ್ಪು ನನ್ನದು, ನೀನು ಮಾನ ಉಳಿಸಿದೆ ಎಂದೆ. ಆಮೇಲೆ ಇಬ್ಬರೂ ಸೇರಿ ದಪ್ಪ ಅಕ್ಷರದಲ್ಲಿ 'ಮೊದಲು ನಕಲು, ಆಮೇಲೆ ತಿದ್ದು' ಎಂದು ಬರೆದು ಕಂಪ್ಯೂಟರಿನ ಹಣೆಗೆ ಅಂಟಿಸಿದೆವು.

ಏಪ್ರಿಲ್ 18, ಗುರುವಾರ

ಅದೇ ಗೆರೆ ಬರುತ್ತಿಲ್ಲ. ಮೂರು ದಿನದಿಂದ ಹುಡುಕುತ್ತಿದ್ದೇನೆ. ಹೋದದ್ದನ್ನು ಮತ್ತೆ ಬರೆಯಲು ಹೋಗಬಾರದು, ಹೊಸದನ್ನೇ ಹುಡುಕಬೇಕು ಎಂದು ಇವತ್ತು ಹೊಳೆಯಿತು.

ಮಧ್ಯಾಹ್ನ ರಜೆ ಹಾಕಿ ಬಂದು ಅತ್ತೆಯ ಎದುರಿಗೆ ಮಣೆ ಹಾಕಿಕೊಂಡು ಕೂತೆ. ಅವರು ಊಟವಾದ ಮೇಲೆ ಟೀವಿ ಮುಂದೆ ತೂಕಡಿಸುತ್ತಾರೆ, ತೂಕಡಿಸುತ್ತಿಲ್ಲ ಎಂದು ವಾದಿಸುತ್ತಾರೆ. ಧಾರಾವಾಹಿಯಲ್ಲಿ ಅವರಿಗೆ ಇಷ್ಟವಾದ ಸೊಸೆ ಮನೆ ಬಿಟ್ಟು ಹೋಗುತ್ತಿದ್ದಳು. ಅತ್ತೆ ಅಳಲಿಲ್ಲ. ಅಳುವವರಲ್ಲ. ರೆಪ್ಪೆ ಅರ್ಧ ಇಳಿದು, ನಿಂತು, ಉಳಿದರ್ಧ ಬೇಗ ಇಳಿಯಿತು. ಒಳಗಿನದನ್ನು ಯಾರೂ ನೋಡದಿರಲಿ ಎಂದು ಬಾಗಿಲು ಎಳೆದುಕೊಂಡ ಹಾಗೆ. ತೆರೆಯುವಾಗ ಮಾತ್ರ ನಿಧಾನ.

"ನನ್ನ ಮುಖದಲ್ಲೇನು ಸಿನಿಮಾ ಓಡ್ತಾ ಇದೆಯಾ?" ಎಂದರು.

ಹೌದು ಎಂದು ಬರೆದುಕೊಳ್ಳುತ್ತಲೇ ಇದ್ದೆ. ಹುಚ್ಚು ಎಂದರು. ಆದರೆ ಮುಖ ಆಚೆ ತಿರುಗಿಸಲಿಲ್ಲ, ಕಾರ್ಯಕ್ರಮ ಮುಗಿಯುವವರೆಗೆ ಬೆಳಕಿನ ಕಡೆಗೇ ಹಿಡಿದುಕೊಂಡಿದ್ದರು.

ಏಪ್ರಿಲ್ 23, ಮಂಗಳವಾರ

ಐದರಲ್ಲಿ ಮೂರು ಆಯಿತು. ಟೀಚರಮ್ಮ ಈಗ ನನ್ನನ್ನು ಅಕ್ಕ ಎನ್ನುತ್ತಿದ್ದಾಳೆ, ಯಾವಾಗಿನಿಂದ ಎಂದು ಗಮನಿಸಲಿಲ್ಲ. ಹಲಗೆಯಿಂದ ಕಣ್ಣೆತ್ತಲು ಪುರುಸೊತ್ತಿಲ್ಲ.

ಏಪ್ರಿಲ್ 25, ಗುರುವಾರ

ಐದೂ ಆಯಿತು. ನಕಲು ಮಾಡಿ, ನಕಲಿನ ನಕಲು ಮಾಡಿ, ಎರಡು ಕಂಪ್ಯೂಟರಿನಲ್ಲಿ ಇಟ್ಟು ಬಂದೆ. ಚಾನೆಲ್ ಮೆಚ್ಚಲಿ ಬಿಡಲಿ, ನನಗೆ ಆ ಕುರ್ಚಿ ಬೇಕು.

ಏಪ್ರಿಲ್ 26, ಶುಕ್ರವಾರ

ಯಜಮಾನರು, ಚಾನೆಲ್ಲಿನ ಹಿರಿಯರು, ಮೇಲಿನ ಮೂವರು. ಲೈಟು ಆರಿಸಿದರು. ನಲವತ್ತು ಸೆಕೆಂಡು. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದೆ. ಹಿರಿಯರು ಇನ್ನೊಂದು ಸಲ ಹಾಕಲು ಹೇಳಿದರು. ಅದನ್ನೂ ನೋಡಿ, ಇಪ್ಪತ್ತಾರೂ ಕಂತಿನಲ್ಲಿ ಗೂಬೆಯ ಕಣ್ಣು ಇವರ ಕೈಯಲ್ಲೇ ಇರಲಿ ಎಂದರು.

ಯಜಮಾನರು ನಿಂತೇ ಮಾತಾಡಿದರು. ಕುರ್ಚಿ ನನ್ನದು. ಬರಿ ನಡುವಿನ ಚಿತ್ರಗಳಲ್ಲ, ಗೂಬೆಯ ನಿಲುವುಗಳೂ ಇನ್ನು ನನ್ನವೇ. ಕೆಳಗಿನವರಿಗೆ ನಾನು ಕಲಿಸುವುದಾದರೆ ಅವರಿಗೂ ಮೂರು ತಿಂಗಳು ಕಾಲಾವಕಾಶ ಕೊಡುತ್ತಾರಂತೆ. ಒಪ್ಪಿಗೆಯೇ ಎಂದರು. ಒಪ್ಪಿಗೆ ಎಂದೆ. ಬಾಯಿಂದ ಬಂದ ಮೇಲೆಯೇ ಪತ್ರ ನೆನಪಾದದ್ದು.

ಏಪ್ರಿಲ್ 27, ಶನಿವಾರ

ಅತ್ತ ದರಿ, ಇತ್ತ ಪುಲಿ. ಎರಡು ಕಡೆಯೂ ನಾನೇ ಹೂಂ ಎಂದಿದ್ದೇನೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಜಾತಿಯವಳಲ್ಲ ನಾನು. ಆದರೆ ಮೇಲೆ ಹೋಗದೆ ಇರಲಾರೆ, ಅದೂ ಗೊತ್ತು. ಇವತ್ತು ಧೈರ್ಯ ಸಾಲದೆ ರಜೆ ಹಾಕಿದೆ. ಸೋಮವಾರ ಮೇಷ್ಟ್ರ ಎದುರಿಗೆ ನಿಂತು ಹೇಳುತ್ತೇನೆ, ಬೇರೆ ಯಾರ ಬಾಯಿಂದಲೂ ಅವರು ಕೇಳಬಾರದು. ಹೇಳಬೇಕಾದ ಮಾತನ್ನು ಇವರ ಮುಂದೆ ಒಪ್ಪಿಸಿದೆ. ಇವರು ಭೂತಗನ್ನಡಿ ತೆಗೆದಿಟ್ಟು, ಪೂರ್ತಿ ಕೇಳಿ, ಉದ್ದವಾಯಿತು ಎಂದರು.

ಏಪ್ರಿಲ್ 29, ಸೋಮವಾರ

ಮೇಷ್ಟ್ರು ಒಬ್ಬರೇ ಇದ್ದರು, ಬೆಳಕಿನ ಮೇಜಿನ ಗಾಜು ಒರೆಸುತ್ತಾ. ನಾಳೆ ಅದನ್ನು ಸಾಗಿಸುತ್ತಾರೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಮೇಷ್ಟ್ರೇ, ಪತ್ರದಿಂದ ನನ್ನ ಹೆಸರು ತೆಗೆದುಬಿಡಿ. ನಾನು ಮೇಲೆ ಹೋಗ್ತೀನಿ."

ಅವರು ಖಾನೆ ಎಳೆದು ಪತ್ರ ಬಿಡಿಸಿ ಮೇಜಿನ ಮೇಲಿಟ್ಟು ದೀಪ ಹಾಕಿದರು. ನಾವು ಪೆನ್ಸಿಲಿನವರು, ಸಹಿಗಳೂ ಪೆನ್ಸಿಲಿನವೇ. ಅಲ್ಲಿದ್ದದ್ದು ಒಂದೇ ಸಹಿ, ಅವರದು. ಉಳಿದ ಆರು ಜಾಗ ಖಾಲಿ. ಶನಿವಾರದಿಂದ ಐವರೂ ಒಬ್ಬೊಬ್ಬರಾಗಿ ಬಂದು, ಮೂರು ತಿಂಗಳ ಮಾತು ಹೇಳಿ, ಅಳಿಸಲು ಕೇಳಿದರಂತೆ.

ನನ್ನದನ್ನು ಯಾರು ಅಳಿಸಿದರು ಎಂದೆ.

"ನಾನೇ. ಹನ್ನೆರಡನೇ ತಾರೀಖು. ಮೆಟ್ಟಿಲ ಮೇಲೆ ಅಳ್ತಾ ಕೂತಿದ್ಯಲ್ಲ, ಅವತ್ತು ಬಂದು ಅಳಿಸಿದೆ. ಯಜಮಾನ್ರು ಬೈದಿದ್ದಕ್ಕಲ್ಲ, ರೆಪ್ಪೆ ಹೋಯ್ತು ಅಂತ ಅಳ್ತಿದ್ದೆ. ಬೇಡದ ಕೆಲಸಕ್ಕೆ ಯಾರೂ ಹಾಗೆ ಅಳಲ್ಲಮ್ಮ."

ನನಗೆ ಸಿಟ್ಟು ಬಂತು. ಹದಿನೇಳು ದಿನ ಗೊತ್ತಿದ್ದೂ ಸುಮ್ಮನಿದ್ದರು. ನನಗೇ ಗೊತ್ತಿಲ್ಲದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಅಷ್ಟೂ ದಿನ ನಾನು ಅವರನ್ನು ಕಂಡರೆ ಗೋಡೆ ಸವರಿಕೊಂಡು ಹೋಗಿದ್ದೇನೆ. ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ನೀನು ಹೇಳಲಿ ಎಂದು ಕಾದೆ ಎಂದರು.

ನೀವೂ ಬನ್ನಿ, ಕಷ್ಟವಿಲ್ಲ, ನಾನು ಹೇಳಿಕೊಡುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಕಲಿಯಲಾರೆ ಎಂದಲ್ಲವಂತೆ, ಒಲ್ಲೆ ಎಂದು. ಅವರ ಸಹಿ ಅವರ ಮಾತು, ಅದು ಹಾಗೇ ಇರಲಿ ಎಂದರು. ಇನ್ನಷ್ಟು ಬೇಡಿಕೊಂಡೆ. ಗಾಜು ಒರೆಸುವ ಬಟ್ಟೆಯ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಒರೆಸಿ ಮುಗಿಸಿದೆವು.

ಏಪ್ರಿಲ್ 30, ಮಂಗಳವಾರ

ಮೇಷ್ಟ್ರು ಮೂರು ಗಂಟೆಗೆ ಒಂದೇ ಸಹಿಯ ಪತ್ರ ಕೊಟ್ಟರು. ಯಜಮಾನರು ಬಾಗಿಲವರೆಗೆ ಬಂದು ಕೈ ಹಿಡಿದುಕೊಂಡರಂತೆ.

ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಮೇಲೆ ಬಂದರು. ಆ ಮಹಡಿಗೆ ಅವರು ಕಾಲಿಟ್ಟದ್ದು ಇದೇ ಮೊದಲು. ಟೀಚರಮ್ಮ ಎದ್ದು ತನ್ನ ಕುರ್ಚಿ ಕೊಟ್ಟಳು, ಅವರು ಕೂರಲಿಲ್ಲ. ನನ್ನ ಹಿಂದೆ ನಿಂತು, ತೋರಿಸು ಎಂದರು.

ಹಾಕಿದೆ. ಆಮೆ ಹೋಗಿಬರುತ್ತೇನೆ ಎಂದಿತು. ಗೂಬೆ ಮೂರು ಸಲ ರೆಪ್ಪೆ ಬಡಿಯಿತು. ಇನ್ನೊಮ್ಮೆ ಎಂದರು. ಮತ್ತೆ ಹಾಕಿದೆ. ಅವರ ಉಸಿರು ನನ್ನ ತಲೆಯ ಮೇಲೆ ಕೇಳುತ್ತಿತ್ತು, ನನ್ನ ಮೇಜಿನ ಹಿಂದೆ ಸದಾ ನಿಲ್ಲುತ್ತಿದ್ದ ಹಾಗೆಯೇ.

"ಮೂರನೇದು ಬೇಗ ಬಿತ್ತು. ಎರಡು ಫ್ರೇಮ್ ತಡ ಮಾಡು."

ನನ್ನ ಕೈ ತಾನಾಗಿಯೇ ಪೆನ್ನಿಗೆ ಹೋಯಿತು. ಅವರು ತಡ ಎಂದರೆ ತಡ, ಬೇಗ ಎಂದರೆ ಬೇಗ, ನಾನು ಯಾಕೆ ಎಂದು ಕೇಳಿದವಳಲ್ಲ. ಮೂರನೇ ರೆಪ್ಪೆಯ ಫ್ರೇಮಿಗೆ ಬಂದು ನಿಂತೆ. ಗೂಬೆಯನ್ನು ನೋಡಿದೆ. ಮತ್ತೆ ಹಿಂದಕ್ಕೆ ಹೋಗಿ ನೋಡಿದೆ.

"ಇಲ್ಲ ಮೇಷ್ಟ್ರೇ," ಎಂದೆ. "ಅದು ಅಲ್ಲೇ ಇರ್ಬೇಕು. ಆಮೆ ತಲೆ ಎತ್ತಿ ನೋಡೋ ಮೊದ್ಲೇ ಡಾಕ್ಟ್ರು ಕಣ್ಣು ಮುಚ್ಕೋಬೇಕು."

ಟೀಚರಮ್ಮ ನನ್ನನ್ನೇ ನೋಡುತ್ತಿದ್ದಳು. ಮೇಷ್ಟ್ರು ಬಗ್ಗಿ, ತೆರೆಗೆ ಮುಖ ತಂದು, ತುಂಬ ಹೊತ್ತು ಆ ಒಂದೇ ಚಿತ್ರವನ್ನು ನೋಡಿದರು. ಅವರ ರೆಪ್ಪೆಯ ಮೇಲೆ ಒಂದು ಬಿಳಿಯ ಕೂದಲಿತ್ತು.

"ಹಾಗಾದ್ರೆ ಇರ್ಲಿ," ಎಂದರು.

ಚೀಲ ಸರಿಮಾಡಿಕೊಂಡು ಹೊರಟರು. ಅವರ ಹೆಜ್ಜೆ ಮೆಟ್ಟಿಲು ಇಳಿದು ಮುಗಿಯುವವರೆಗೂ ಪೆನ್ನು ಕೈಯಲ್ಲೇ ಇತ್ತು. ಮೂರನೆಯದನ್ನು ನಾನು ಮುಟ್ಟಲಿಲ್ಲ.